ಒಂದು ಚೌಕಕ್ಕೆ ಹತ್ತು ಸಾವಿರ

ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸದೆ ಅವರು ಒಂದು ಗೆರೆಯನ್ನೂ ಎಳೆದವರಲ್ಲ. ಕೊರೊನಾ ಬಂದು ಊರೆಲ್ಲ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದಾಗಲೂ ಅಷ್ಟೇ. ಮಾಸ್ಕನ್ನು ಗದ್ದಕ್ಕೆ ಇಳಿಸಿ, ಪೆನ್ಸಿಲನ್ನು ಒದ್ದೆ ಮಾಡಿಕೊಂಡು, ಮತ್ತೆ ಮಾಸ್ಕನ್ನು ಮೂಗಿಗೆ ಏರಿಸಿ ಗೆರೆ ಎಳೆಯುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡ ದಿನ, ಅವರನ್ನು ಮಲಗಿಸಿದ್ದ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಾಗ ನನಗೆ ಮೊದಲು ನೆನಪಾದದ್ದು ಆ ನಾಲಿಗೆ. ಅದರ ತುದಿಯಲ್ಲಿ ಯಾವಾಗಲೂ ಒಂದು ಕಪ್ಪು ಚುಕ್ಕೆ ಇರುತ್ತಿತ್ತು. ಆ ನಾಲಿಗೆಯಿಂದ ಒಳ್ಳೆಯ ಮಾತು ಕೇಳಿಸಿಕೊಂಡವರು ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಕಡಿಮೆ.

ಅವರದು ರೇಷ್ಮೆ ಸೀರೆಗೆ ನಕ್ಷೆ ಬರೆಯುವ ಕೆಲಸ. ಅಂಚಾಗಲಿ ಸೆರಗಾಗಲಿ, ಮಗ್ಗಕ್ಕೆ ಹೋಗುವ ಮೊದಲು ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ಇಳಿಯಬೇಕು. ಬಣ್ಣ ತುಂಬಿದ ಚೌಕ ಎಂದರೆ ಅಲ್ಲಿ ಎಳೆ ಮೇಲೇಳಬೇಕು, ಖಾಲಿ ಬಿಟ್ಟರೆ ಕೆಳಗೇ ಇರಬೇಕು. ಆ ಕಾಗದ ನೋಡಿಕೊಂಡು ಸಾಲಿಗೊಂದರಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಯುವುದು ನನ್ನ ಕೆಲಸ. ಕಾರ್ಡುಗಳನ್ನು ದಾರದಲ್ಲಿ ಹೆಣೆದು ಮಗ್ಗದ ಮೇಲಿನ ಪೆಟ್ಟಿಗೆಗೆ ಏರಿಸಿದರೆ ತೂತಿಗೆ ತಕ್ಕಂತೆ ಎಳೆ ಎದ್ದು ಹೂವು ಮೂಡುತ್ತದೆ. ಹತ್ತನೇ ತರಗತಿ ಮುಗಿಸಿ ಮದುವೆಯಾಗಿ ಬಂದ ನನಗೆ ಇದನ್ನು ಕಲಿಸಿದವರು ಅವರೇ. ಕರುಣೆಯಿಂದ ಕಲಿಸಲಿಲ್ಲ. ನಮ್ಮ ಮನೆಯವರು ಅವರ ನಕ್ಷೆಗಳನ್ನು ನೇಯುತ್ತಿದ್ದರು. ನಮ್ಮ ಮನೆಯವರಿಗೆ ನನ್ನೆದುರೇ ಇವರು ಹೇಳಿದ್ದರು, "ಕಳಿಸ್ಲಾ ನಿನ್ ಎಂಡ್ತಿಯ. ಎಂಗಸ್ರ ಬೆರಳು ಸಣ್ಣ, ಬಾಯಿ ಇನ್ನೂ ಸಣ್ಣ."

ಬೀದಿಯವರು ಹಿಂದಿನಿಂದ ಅವರನ್ನು ಗ್ರಾಫಯ್ಯ ಎನ್ನುತ್ತಿದ್ದರು. ಎದುರಿಗೆ ಬಂದರೆ 'ಸಾ'. ಹೆಂಡತಿಯನ್ನು ಬೈಯುವಾಗ ಮಾತ್ರ ಅವರದು ತೆಲುಗು, ಉಳಿದವರನ್ನು ಬೈಯಲು ಕನ್ನಡವೇ ಸಾಕಾಗುತ್ತಿತ್ತು.

ಒಂದು ತೂತು ತಪ್ಪಿದರೆ ಆ ತಪ್ಪು ಸೀರೆಯ ಉದ್ದಕ್ಕೂ, ಪ್ರತಿ ಹೂವಿನಲ್ಲೂ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನವಿಲಿನ ಕತ್ತಿನ ಹತ್ತಿರ ನಾನು ಒಂದು ತೂತು ಬಿಟ್ಟಿದ್ದೆ. ನಮ್ಮ ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಎರಡು ಮೊಳ ನೇಯ್ದಾಗಿತ್ತು. ಸಾ ಆ ತುಂಡನ್ನು ಕತ್ತರಿಸಿ ತರಿಸಿಕೊಂಡು ತಮ್ಮ ಮನೆಯ ಬಾಗಿಲಿನ ಮೊಳೆಗೆ ನೇತುಹಾಕಿದರು. ಜಗಲಿ ಮೇಲೆ ಕುಳಿತು ಹೋಗಿಬರುವವರನ್ನು ಕರೆದು, ಗಂಡ ಹೆಂಡತಿ ಸೇರಿ ಕತ್ತು ಕೊಯ್ದ ನವಿಲು ನೋಡಿಕೊಂಡು ಹೋಗಿ ಎನ್ನುತ್ತಿದ್ದರು. ಹದಿನೈದು ದಿನ ಅದು ಅಲ್ಲೇ ಇತ್ತು. ನಾನು ಆ ಬಾಗಿಲು ದಾಟಿಯೇ ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮ ಮನೆಯವರಿಗೆ ಕೋಪ ಬರಲಿಲ್ಲ. ಸಿಟ್ಟು ಅವರ ಜಾಯಮಾನದಲ್ಲೇ ಇರಲಿಲ್ಲ. "ನವಿಲಿಗೆ ದೃಷ್ಟಿ ತೆಗ್ದಂಗಾಯ್ತು ಬಿಡು" ಎಂದು ನಕ್ಕರು.

ಕಾಗದದಲ್ಲಿ ಹಿಡಿಸದ್ದನ್ನು ಕುಗ್ಗಿಸಿ ಇಳಿಸುವುದು ಅವರ ಕಸುಬಿನ ಮುಖ್ಯ ಭಾಗ. ಹೂವು ದೊಡ್ಡದಾದರೆ ಸಾಲು ಬಿಟ್ಟು ಸಾಲು ತೆಗೆದು, ಚಿಕ್ಕದು ಮಾಡಿ, ಆದರೂ ಹೂವು ಹೂವಾಗಿಯೇ ಕಾಣುವಂತೆ ಮಾಡಬೇಕು. ಅದರಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲ. ಒಮ್ಮೆ ಕೌದಳ್ಳಿಯಿಂದ ಬಂದ ಒಬ್ಬ ಮುದುಕರು ಮಗಳ ಮದುವೆ ಸೀರೆಯ ಸೆರಗಿನಲ್ಲಿ ಅವಳ ಹೆಸರು ನೇಯಿಸಬೇಕೆಂದು ಕೇಳಿದರು. ಉದ್ದದ ಹೆಸರು. ಇವರು ಚೌಕಗಳನ್ನು ಎಣಿಸಿ ನೋಡಿ, ಇಷ್ಟುದ್ದ ಹೆಸರಿಟ್ಟರೆ ಗಂಡನ ಮನೆಯವರು ಕರೆಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ ಎಂದು ಹೇಳಿ ಅರ್ಧ ಹೆಸರನ್ನಷ್ಟೇ ಬರೆದುಕೊಟ್ಟರು. ಮುದುಕರು ಆ ಕಾಗದವನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ನಡೆದುಹೋದರು.

ಲಾಕ್‌ಡೌನ್ ಆದಾಗ ಮಗ್ಗಗಳು ನಿಂತವು. ಮದುವೆಗಳೇ ಇಲ್ಲದ ಮೇಲೆ ಮದುವೆ ಸೀರೆ ಎಲ್ಲಿಂದ ಬರಬೇಕು. ಅವರ ಮನೆಯಲ್ಲಿ ಗ್ರಾಫ್ ಕಾಗದ ಮಾತ್ರ ರಾಶಿ ಇತ್ತು. ಟೀವಿಯಲ್ಲಿ ದಿನಾ ಸಂಜೆ ಯಾವ ದೇಶದಲ್ಲಿ ಎಷ್ಟು ಜನ ಸತ್ತರು ಎಂದು ಹೇಳುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಕರೆಸಿ ಬಣ್ಣದ ಬಟ್ಟಲುಗಳನ್ನು ಮುಂದಿಟ್ಟರು. ಇಟಲಿಗೆ ಹಸಿರು, ಅಮೆರಿಕಕ್ಕೆ ಅರಿಶಿನ, ಬ್ರೆಜಿಲ್‌ಗೆ ನೀಲಿ, ಇಂಗ್ಲೆಂಡಿಗೆ ನೇರಳೆ, ನಮಗೆ ಕುಂಕುಮ. ಒಂದು ಚೌಕಕ್ಕೆ ಒಂದು ಸಾವಿರ ಹೆಣ. ಅವರು ಪೆನ್ಸಿಲಿನಲ್ಲಿ ಗುರುತು ಹಾಕುವುದು, ನಾನು ಬಣ್ಣ ತುಂಬುವುದು. ಕೂಲಿ ಇಲ್ಲ, ಒಂದು ಲೋಟ ಕಾಫಿ. ಮನೆಯಲ್ಲಿ ಸುಮ್ಮನೆ ಕುಳಿತು ಭಯಪಡುವುದಕ್ಕಿಂತ ವಾಸಿ ಎಂದು ನಾನು ಹೋಗುತ್ತಿದ್ದೆ.

ಆ ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ ಜಗಲಿಯ ಗೋಡೆಗೆ ಹೊಡೆದರು. ಬುಡದಿಂದ ಮೇಲಕ್ಕೆ ಒಂದೊಂದು ದೇಶದ್ದೂ ಒಂದೊಂದು ಪಟ್ಟಿ. ಮೊದಲು ಇಟಲಿ ಎದ್ದಿತು. ಆಮೇಲೆ ಅಮೆರಿಕ ಅದನ್ನು ದಾಟಿ ಗೋಪುರದ ಅಂಚಿನ ಹಾಗೆ ಏರತೊಡಗಿತು. ಅವರು ದೂರ ನಿಂತು ತಲೆ ವಾರೆ ಮಾಡಿ ನೋಡುತ್ತಿದ್ದರು, ಸೀರೆಯನ್ನು ನೋಡುವ ಹಾಗೆಯೇ. "ಅಮೆರಿಕದೋರ್ದು ಕೈ ಧಾರಾಳ" ಎನ್ನುತ್ತಿದ್ದರು. ಹಾಲಿಗೆ, ತರಕಾರಿಗೆ ಎಂದು ಹೊರಗೆ ಬಂದವರೆಲ್ಲ ಗೋಡೆಯ ಮುಂದೆ ನಿಂತು ಹೋಗುವುದು ರೂಢಿಯಾಯಿತು. ಅಗರದಿಂದ ರೇಷ್ಮೆಗೂಡು ತಂದಿದ್ದ ಒಬ್ಬ ರೈತ ನಮ್ಮದು ಎಷ್ಟನೆಯದು ಎಂದು ಕೇಳಿದ.

"ಇನ್ನೂ ಮೇಕ್ಕೋಗ್ಬೇಕು ಕಣ್ಲಾ. ನಿಮ್ಮೂರೋರು ಒಸಿ ಮನಸ್ ಮಾಡಿ" ಎಂದರು.

ಅವನು ನಕ್ಕ. ಆ ಕಾಲದಲ್ಲಿ ನಾವೆಲ್ಲ ಇಂಥದ್ದಕ್ಕೆ ನಕ್ಕಿದ್ದೇವೆ. ಸಾವು ಬೇರೆ ದೇಶದ್ದಾಗಿತ್ತು.

ಯಳಂದೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಒಟ್ಟು ಸಂಖ್ಯೆ ಹೋಲಿಸುವುದು ತಪ್ಪು, ನಮ್ಮದು ನೂರ ಮೂವತ್ತು ಕೋಟಿ ಜನರ ದೇಶ, ಲಕ್ಷ ಜನಕ್ಕೆ ಎಷ್ಟು ಎಂದು ನೋಡಬೇಕು ಎಂದು ತಿಳಿಸಿ ಹೇಳಿದರು. ಸಾ ಒಪ್ಪಿಕೊಂಡು ಎರಡನೆಯ ಕಾಗದ ಮಾಡಿದರು. ಅದರಲ್ಲಿ ಬೆಲ್ಜಿಯಂ ಥರದ ಪುಟ್ಟ ದೇಶಗಳು ಎದ್ದು ನಿಂತವು, ನಾವು ನೆಲಕ್ಕಂಟಿದೆವು. ಆ ಕಾಗದದ ಮುಂದೆ ಯಾರೂ ನಿಲ್ಲಲಿಲ್ಲ. ಕೆಲವು ದೇಶಗಳು ಸತ್ತವರನ್ನು ಸರಿಯಾಗಿ ಎಣಿಸುವುದೇ ಇಲ್ಲವಂತಲ್ಲ, ಹಾಗಿದ್ದಮೇಲೆ ಹೋಲಿಸುವುದು ಹೇಗೆ ಎಂದೂ ಕಾಲೇಜಿನವರು ಕೇಳಿದರು. "ಇದು ಎಣಿಸ್ದೋರ ಗ್ರಾಫು. ಸತ್ತೋರ ಗ್ರಾಫ್ ಬೇಕು ಅಂದ್ರೆ ಸ್ಮಶಾನದಾಗೆ ಓಗಿ ಕೂತ್ಕಳಿ" ಎಂದು ಅವರು ಪೆನ್ಸಿಲ್ ನೆಕ್ಕಿಕೊಂಡರು. ಅವರಿಗೆ ಎಲ್ಲವೂ ಗೊತ್ತಿತ್ತು. ಇದನ್ನು ಹೇಳಲೇಬೇಕು.

ಮುಂದಿನ ವರ್ಷದ ಮೊದಲಲ್ಲಿ ಅಮೆರಿಕದ ಪಟ್ಟಿ ಸೂರಿನ ತೊಲೆಗೆ ತಾಗಿತು. ಮೇಲೆ ಜಾಗವಿಲ್ಲ. ಹೂವು ದೊಡ್ಡದಾದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಹೊಸ ಕಾಗದ ತೆಗೆದು, ಒಂದು ಚೌಕಕ್ಕೆ ಸಾವಿರದ ಬದಲು ಹತ್ತು ಸಾವಿರ ಎಂದರು. ಎಲ್ಲ ದೇಶಗಳನ್ನೂ ನಾನೇ ಹತ್ತರಿಂದ ಭಾಗಿಸಿ ಎರಡು ದಿನ ಕುಳಿತು ಬಣ್ಣ ತುಂಬಿದೆ. ಮೂರು ಗೇಣು ಇದ್ದ ನಮ್ಮ ಕುಂಕುಮದ ಪಟ್ಟಿ ಒಂದು ಬೆರಳಿನಷ್ಟಾಯಿತು. ಚೌಕಕ್ಕೆ ಎಷ್ಟು ಎಂದು ಕಾಗದದ ಮೇಲೆ ಎಲ್ಲೂ ಬರೆಯಲಿಲ್ಲ. ಸೀರೆಯ ನಕ್ಷೆಯಲ್ಲೂ ಚೌಕಕ್ಕೆ ಎಷ್ಟು ಎಳೆ ಎಂದು ಯಾರೂ ಬರೆಯುವುದಿಲ್ಲ. ನೇಯುವವನಿಗೆ ಬಾಯಲ್ಲಿ ಹೇಳಿದರೆ ಮುಗಿಯಿತು.

ಹೊಸ ಕಾಗದ ಗೋಡೆಗೆ ಬಂದ ದಿನ ನಾವಿಬ್ಬರೂ ಒಳಗೆ ಕುಳಿತಿದ್ದೆವು. ಹೊರಗೆ ಯಾರೋ ನಿಂತು, ಇಳಿದದೆ, ಎಲ್ಲಾ ದೇಶದ್ದೂ ಇಳಿದದೆ ಎಂದರು. ಇನ್ನೊಬ್ಬರು ಬಂದು ನೋಡಿದರು. ಆ ಮಾತು ಬೀದಿಯುದ್ದಕ್ಕೂ ಹೋಯಿತು. ಸತ್ತವರ ಲೆಕ್ಕ ಇಳಿಯುವುದು ಹೇಗೆ, ಸತ್ತವರು ಎದ್ದು ಬರುತ್ತಾರೆಯೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನಾನು ಎದ್ದೆ. ಅವರು ಕೈ ಅಡ್ಡ ಇಟ್ಟರು.

"ಏಳ್ಬೇಡ ಕಣಮ್ಮಿ, ಕೂತ್ಕೊ. ಒಂದ್ ಕಾಗ್ದ ಬದ್ಲಾಯಿಸ್ದೆ, ಬೀದಿಗ್ ಬೀದಿನೇ ಉಸ್ರು ಬುಡ್ತಾ ಅದೆ. ಎಷ್ಟ್ ದಿನಕ್ಕೆ ತಿಳ್ಕತಾರೆ ನೋಡವ."

ನಾನು ಕುಳಿತುಕೊಂಡೆ.

ಅಂದು ಸಂಜೆ ನಮ್ಮ ಮನೆಯವರೂ ಅದೇ ಮಾತು ಹೇಳಿಕೊಂಡು ಬಂದರು. ವರ್ಷದಿಂದ ಬಾಡಿಹೋಗಿದ್ದ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಮಗಳಿಗೆ ಚಿಕ್ಕಮ್ಮನ ಮನೆಗೆ ಹೋಗೋಣ, ಜಾತಕ ನೋಡಿಸೋಣ ಎಂದೆಲ್ಲ ತಮಾಷೆ ಮಾಡುತ್ತಿದ್ದರು. ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಹಾಗೇ ಕಳೆಯಿತು.

ಎರಡನೆಯ ಅಲೆ ಎಂದು ಟೀವಿಯವರು ಕೂಗಲು ಶುರುಮಾಡಿದ ಹೊತ್ತಿಗೆ ಮಾಂಬಳ್ಳಿಯಿಂದ ನಾದಿನಿ ಹೇಳಿಕಳಿಸಿದಳು. ಅವಳ ಮಗಳಿಗೆ ಗಂಡು ಗೊತ್ತಾಗಿತ್ತು. ವೀಳ್ಯದ ಶಾಸ್ತ್ರಕ್ಕೆ ಸೋದರಮಾವ ಬರಲೇಬೇಕು. ಬೇಡ ಎಂದೆ. ನಮ್ಮ ಮನೆಯವರು ಎದ್ದುಹೋಗಿ ಗೋಡೆ ನೋಡಿಕೊಂಡು ಬಂದರು. ಚೌಕಕ್ಕೆ ಹತ್ತು ಸಾವಿರವಾದರೆ ವಾರಗಟ್ಟಲೆ ಸತ್ತರೂ ಪಟ್ಟಿ ಅಲುಗುವುದಿಲ್ಲ.

"ಟೀವಿಯೋರು ಕಿರುಚ್ತಾರೆ ಕಣೇ. ಗ್ವಾಡೆ ಮ್ಯಾಲೆ ಅಷ್ಟೇ ಅದೆ" ಎಂದರು.

ಅದು ಬೇರೆ ಲೆಕ್ಕ ಎಂದೆ.

"ನಿಮ್ ಸಾ ಬರ್ದಿರದು ತಪ್ಪಾಯ್ತದಾ?"

ಅವರು ಆಗಲೇ ಬಿಳಿ ಅಂಗಿ ತೊಟ್ಟಿದ್ದರು. ಅಂಗಿಯ ಕಾಲರನ್ನು ಹಿಂದಿನಿಂದ ಸರಿಮಾಡಿ ಕಳಿಸಿದೆ. ಚೌಕಕ್ಕೆ ಸಾವಿರ ಇದ್ದದ್ದು ಹತ್ತು ಸಾವಿರವಾಗಿದೆ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಬಾಯಲ್ಲಿ ಹೇಳಿ ನೋಡಿದ್ದೇನೆ. ಒಂದು ಗುಂಡಿ ಹಾಕುವಷ್ಟು ಹೊತ್ತು ಸಾಕು.

ಶಾಸ್ತ್ರದ ಮನೆಯಲ್ಲಿ ಐವರಿಗೆ ಬಂತು. ನಾಲ್ವರು ಎದ್ದರು. ನಮ್ಮವರು ಎಂಟನೆಯ ದಿನ, ಬೆಡ್ ಹುಡುಕಿಕೊಂಡು ಹೋಗುತ್ತಿದ್ದ ಆಟೋದಲ್ಲೇ ಹೋಗಿಬಿಟ್ಟರು. ಕೊರೊನಾ ಎಂದು ಬರೆದರೆ ಹೆಣ ಮನೆಗೆ ಕೊಡುವುದಿಲ್ಲ, ಮುಖ ನೋಡಲು ಬಿಡುವುದಿಲ್ಲ ಎಂದು ಮೈದುನ ಹೆದರಿದ. ಪರೀಕ್ಷೆ ಬೇಡ, ಹೃದಯಾಘಾತ ಎಂದು ಬರೆಸಿಕೊಳ್ಳೋಣ ಎಂದ. ನಾನು ಹೂಂ ಎಂದೆ. ಮನೆಗೆ ತಂದೆವು. ಮುಖ ನೋಡಿದೆವು.

ತಿಥಿ ಮುಗಿದ ಮೇಲೆ ಕೆಲಸಕ್ಕೆ ಹೋದೆ. ಅವರು ಜಗಲಿ ಮೇಲೆ ಸ್ಟೂಲು ಹಾಕಿಕೊಂಡು ಕುಂಕುಮದ ಪಟ್ಟಿಗೆ ತಾವೇ ಬಣ್ಣ ತುಂಬುತ್ತಿದ್ದರು. ಅಷ್ಟರಲ್ಲಿ ಅದು ಹತ್ತು ಸಾವಿರದ ಚೌಕದಲ್ಲೂ ಬೇಗ ಬೇಗ ಏರುತ್ತಿತ್ತು. ನನ್ನ ಹಣೆಯನ್ನು ಒಮ್ಮೆ ನೋಡಿ ಮತ್ತೆ ಗೋಡೆಗೆ ತಿರುಗಿದರು. ಮೂರು ದಿನದಿಂದ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ ಮಾತನ್ನು ಹೇಳಿದೆ.

"ಈ ಗ್ವಾಡೆ ನೋಡ್ಕಂಡೇ ಮಾಂಬಳ್ಳಿಗೆ ಓದ್ರು ಸಾ ಅವ್ರು."

"ಬಣ್ಣ ತುಂಬ್ದೋರು ಯಾರು?" ಎಂದರು, ತಿರುಗಿ ನೋಡದೆ.

ನಮ್ಮವರದ್ದೂ ಒಂದು ಚೌಕ ಹಾಕಿ ಸಾ, ನಾನೇ ತುಂಬುತ್ತೇನೆ ಎಂದೆ. ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ. ಇಟಲಿಯವರಿಗೆ, ಬ್ರೆಜಿಲಿನವರಿಗೆ, ಮುಖ ನೋಡದ ಎಷ್ಟೋ ಸಾವಿರ ಜನಕ್ಕೆ ನಾನೇ ಕೈಯಾರೆ ಬಣ್ಣ ಹಾಕಿದ್ದೆ. ಇವರಿಗೂ ಎಲ್ಲಾದರೂ ಒಂದು ಜಾಗ ಇರಲಿ ಎನಿಸಿತು.

ಸರ್ಟಿಫಿಕೇಟಿನಲ್ಲಿ ಏನು ಬರೆಸಿಕೊಂಡಿದ್ದೀರಿ ಎಂದು ಕೇಳಿದರು. ಹಾರ್ಟು ಎಂದೆ. ಅವರು ಸ್ಟೂಲಿನಿಂದ ಇಳಿದರು.

"ಮತ್ತೆ ಇಲ್ಗ್ಯಾಕ್ ಬಂದೆ? ಆಯ್ತು, ಆಕ್ತೀನಿ ಅಂತ್ಲೇ ಇಟ್ಕೊ. ಒಂದ್ ಚೌಕಕ್ಕೆ ಅತ್ತು ಸಾವ್ರ. ನಿನ್ ಗಂಡ ಒಬ್ಬ. ಇನ್ನ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನ್ರ ಕರ್ಕಂಡು ಬಾ, ತುಂಬ್ತೀನಿ."

ಅದನ್ನು ನಗುತ್ತಾ ಹೇಳಿದ್ದರೆ ಬಹುಶಃ ನಾನು ಆ ದಿನವೇ ಮರೆಯುತ್ತಿದ್ದೆ. ಎಳೆ ಲೆಕ್ಕ ಹೇಳುವ ದನಿಯಲ್ಲೇ ಹೇಳಿದರು. ಒಳಗಿನಿಂದ ಅವರ ಹೆಂಡತಿ ತೆಲುಗಿನಲ್ಲಿ ಏನೋ ಅಂದರು. ಇವರು ಕೇಳಿಸಿಕೊಳ್ಳಲಿಲ್ಲ. ಕುಂಕುಮದ ಬಟ್ಟಲನ್ನು ನನ್ನ ಕಡೆ ತಳ್ಳಿ, ನಿಂತೇ ಇದ್ದೀಯಲ್ಲ, ತುಂಬು ಎಂದರು. ನಾನು ಸ್ಟೂಲು ಹತ್ತಿ ಅವರು ಗುರುತು ಹಾಕಿದ್ದ ಚೌಕ ತುಂಬಿದೆ. ಗೆರೆಯಿಂದ ಆಚೆ ಬಣ್ಣ ಹೋಗಲಿಲ್ಲ. ಕೈ ಅಷ್ಟು ಪಳಗಿತ್ತು.

ಮತ್ತೆ ಯಾಕೆ ಹೋದೆ ಎಂದು ನನ್ನ ತಂಗಿ ಕೇಳುತ್ತಾಳೆ. ಕಾರ್ಡು ಹೊಡೆಯುವುದು ಬಿಟ್ಟು ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಮಗಳು ಓದುತ್ತಿದ್ದಳು. ಅದು ನಿಜ. ಇನ್ನೊಂದು ಕಾರಣವೂ ಇತ್ತು. ಒಂದಲ್ಲ ಒಂದು ದಿನ ಅವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಕಾಯುತ್ತಿದ್ದೆ. ತಪ್ಪಾಯ್ತು ಎನ್ನಬೇಕಿರಲಿಲ್ಲ. ಪಾಪ, ಒಳ್ಳೆ ನೇಕಾರ ಎಂದಿದ್ದರೂ ಸಾಕಿತ್ತು. ಕಣ್ಣಿಗೆ ಪೊರೆ ಬಂದು ಅವರ ಗೆರೆಗಳು ಅಲುಗತೊಡಗಿದಾಗ ಅವರು ಬಾಯಲ್ಲಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಇವತ್ತು ನಾನು ಬರೆಯುವ ಹಂಸದ ಕತ್ತಿನ ಬಾಗು ಅವರದೇ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವವರು ಬಂದಿದ್ದಾರೆ. ಆದರೂ ಹಳೆಯ ಮಗ್ಗದವರು ಕತ್ತು ನೋಡಿಯೇ ಇದು ಯಾರ ಕೈ ಎಂದು ಹೇಳುತ್ತಾರೆ. ಆಗ ಹೆಮ್ಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರ ಬಾಯಿಂದ ನಮ್ಮವರ ಹೆಸರು ಬರಲಿಲ್ಲ. ವರ್ಷದ ತಿಥಿಗೆ ರಜ ಕೇಳಿದರೆ, ರಜ ಸತ್ತವನಿಗೆ ಬೇಕೋ ನಿನಗೆ ಬೇಕೋ ಎಂದು ಕೇಳುತ್ತಿದ್ದರು.

ಟೀವಿಯವರು ಎಣಿಸುವುದನ್ನು ನಿಲ್ಲಿಸಿದ ಮೇಲೆ ಅವರೂ ನಿಲ್ಲಿಸಿದರು. ಕಾಗದವನ್ನು ಜಗಲಿಯಿಂದ ತೆಗೆದು ಪಡಸಾಲೆಗೆ ಹೊಡೆದುಕೊಂಡರು. ಅದು ಅವರ ದೊಡ್ಡ ಕೆಲಸವಂತೆ, ಬಂದವರಿಗೆ ತೋರಿಸುತ್ತಿದ್ದರು. ಬಿಸಿಲಿಗೆ ಮೊದಲು ಹಾರಿಹೋದದ್ದು ಅರಿಶಿನ. ಅಮೆರಿಕ ಇದ್ದ ಕಡೆ ಈಗ ಬರಿ ಕಾಗದ. ಕುಂಕುಮ ಮಾತ್ರ ಒಣಗಿದ ಗಾಯದ ಬಣ್ಣಕ್ಕೆ ತಿರುಗಿ ಉಳಿದುಕೊಂಡಿದೆ.

ಅವರು ತೀರಿಕೊಳ್ಳುವ ಎರಡು ದಿನ ಮೊದಲು ನೋಡಲು ಹೋಗಿದ್ದೆ. ವಾರದಿಂದ ಜ್ವರ, ಕೆಮ್ಮು, ಉಸಿರು ಎಳೆದಂತೆ ಬರುತ್ತಿತ್ತು. ಆ ಗೋಡೆಯ ಕೆಳಗೇ ಮಂಚ ಹಾಕಿದ್ದರು. ಅವರ ಹೆಂಡತಿ ಕಾಫಿ ಕಾಯಿಸಲು ಒಳಗೆ ಹೋದರು. ಇಬ್ಬರೇ ಉಳಿದೆವು. ಮುಖ ಚಿಕ್ಕದಾಗಿತ್ತು. ಬಾಯಿ ತೆರೆದಾಗ ನೋಡಿದೆ, ನಾಲಿಗೆಯ ತುದಿಯಲ್ಲಿ ಆ ಕಪ್ಪು ಚುಕ್ಕೆ ಇರಲಿಲ್ಲ.

"ಅಮ್ಮೀ," ಎಂದರು. "ಇದು ಅದೇನಾ?"

ಈಗ ಯಾರೂ ಪರೀಕ್ಷೆ ಮಾಡಿಸುವುದಿಲ್ಲ ಸಾ ಎಂದೆ.

"ಅದೇ ಆಗಿದ್ರೆ... ಬರ್ಕತಾರಾ?"

ಕಣ್ಣು ಗೋಡೆಯ ಮೇಲಿತ್ತು. ಅವರಿಗೆ ಏನು ಬೇಕಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಗೊತ್ತಿರಲು ಸಾಧ್ಯವಿಲ್ಲ. ಬರ್ಕತಾರೆ ಸಾ ಎಂದಿದ್ದರೆ ಆಗಿತ್ತು. ಅವರಿಗೆ ಕೊಡಲು ನನ್ನ ಹತ್ತಿರ ಅಷ್ಟೇ ಇದ್ದದ್ದು, ಅಷ್ಟನ್ನೇ ಅವರು ಕೇಳಿದ್ದು.

"ನೀವೊಬ್ರೇ ಅಲ್ವಾ ಸಾ," ಎಂದೆ. "ಚೌಕ ತುಂಬಲ್ಲ."

ಅವರಿಗೆ ಮಾತು ನೆನಪಿತ್ತು. ನೆನಪಾಗಲು ಒಂದು ಗಳಿಗೆಯೂ ಬೇಕಾಗಲಿಲ್ಲ, ಅದನ್ನು ಮುಖದಲ್ಲಿ ಕಂಡೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಬಲಗೈ ಕಂಬಳಿಯಿಂದ ಹೊರಗೆ ಬಂತು. ಹೆಬ್ಬೆರಳು ತೋರುಬೆರಳು ಸೇರಿ, ಪೆನ್ಸಿಲ್ ಹಿಡಿದ ಹಾಗೆ ನಾಲಿಗೆಯ ತುದಿಯನ್ನು ಮುಟ್ಟಿದವು. ಹಾಗೇ ಗೋಡೆಯ ಕಡೆ ಸ್ವಲ್ಪ ಎದ್ದು, ನಿಂತು, ಹಾಸಿಗೆಗೆ ಬಿದ್ದವು. ಕಾಫಿ ಬಂತು. ಕುಡಿದು, ಲೋಟ ತೊಳೆದಿಟ್ಟು ಮನೆಗೆ ಬಂದೆ.

ಅವರನ್ನು ಮಲಗಿಸಿದ್ದ ದಿನ ಬೀದಿಯೆಲ್ಲ ಬಂದಿತ್ತು. ಬೈಸಿಕೊಂಡವರೇ ಮುಂದೆ ನಿಂತು, ಅಂಥ ಕೈ ಮತ್ತೆ ಹುಟ್ಟುವುದಿಲ್ಲ ಎಂದರು. ಮೈಸೂರಿನಿಂದ ಬಂದಿದ್ದ ಅವರ ಮಗಳು ನನ್ನ ಪಕ್ಕ ಬಂದು ಕುಳಿತಳು. ನೀವು ಬಂದು ಹೋದ ಮೇಲೆ ಅಪ್ಪ ಒಂದು ಮಾತೂ ಆಡಲಿಲ್ಲವಂತೆ, ಅಮ್ಮ ಹೇಳಿದರು ಎಂದಳು. ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದರಂತೆ.

"ಕೊನೇಲಿ ನಿಮ್ ಜೊತೆ ಏನ್ ಮಾತಾಡಿದ್ರಕ್ಕಾ?"

"ಕೆಲ್ಸದ್ ಮಾತು ಕಣವ್ವ," ಎಂದೆ. "ಚೌಕದ ಲೆಕ್ಕ."

ಕೊನೆಯವರೆಗೂ ಅಪ್ಪನಿಗೆ ಕೆಲಸದ್ದೇ ಧ್ಯಾನ ಎಂದು ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.